ನಾಲ್ವರಿಗೆ ಮೂರು ಜೊತೆ ಸ್ಕೇಟ್

ಮಕ್ಕಳಿಗೆ ಐಸ್ ಹಾಕಿ ಕಲಿಸೋಕೆ ಲಡಾಖ್‌ಗೆ ಹೋಗಿದ್ವಿ ಅಂದ್ರೆ ಹಾಸ್ಟೆಲ್‌ನಲ್ಲಿ ಮೊದಲು ಯಾರೂ ನಂಬಲ್ಲ. ನಂಬಿದ ಮೇಲೆ ಕೇಳೋದು ಎರಡೇ ಪ್ರಶ್ನೆ: ಚಳಿ ಎಷ್ಟಿತ್ತು, ಮತ್ತೆ ನಿಮಗೆ ಆ ಆಟ ಬರುತ್ತಾ? ಮೊದಲನೆಯದಕ್ಕೆ ಉತ್ತರ ಸುಲಭ. ನಾವು ಕೆಲಸ ಶುರು ಮಾಡುತ್ತಿದ್ದ ಹೊತ್ತಿಗೆ ಮೈನಸ್ 12ರ ಆಸುಪಾಸು. ಎರಡನೆಯದಕ್ಕೆ ಉತ್ತರ: ಮೂವರನ್ನೂ ಸೇರಿಸಿದರೆ ಒಬ್ಬ ಆಟಗಾರ ಆಗಬಹುದು, ಅಷ್ಟೆ.

ನಾವು ಮೂವರೂ ಮೆಕ್ಯಾನಿಕಲ್‌ನವರು. ಒಬ್ಬ ಮೈಸೂರಿನವ, ಚಿಕ್ಕಂದಿನಿಂದ ಇನ್‌ಲೈನ್ ಸ್ಕೇಟ್ ಮೇಲೇ ಬೆಳೆದವ. ಒಬ್ಬ ಕೊಡಗಿನವ. ಅಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಹಾಕಿ ಉತ್ಸವದಲ್ಲಿ ಮನೆತನಕ್ಕೊಂದು ತಂಡ ಇರುತ್ತಲ್ಲ, ಅಂಥ ತಂಡದಲ್ಲಿ ಆಡಿದವ. ಮೂರನೆಯವನಿಗೆ ಸ್ಕೇಟಿಂಗೂ ಬರಲ್ಲ, ಹಾಕಿಯೂ ಬರಲ್ಲ. ಬೂಟಿನ ಲೇಸನ್ನು ಬಿಗಿಯಾಗಿ, ಬೇಗ ಕಟ್ಟೋಕೆ ಬರುತ್ತೆ. ಐದನೇ ಸೆಮ್ ಮುಗಿದ ರಜೆಯಲ್ಲಿ, ಪರಿಚಯದವರೊಬ್ಬರ ಮೂಲಕ, ಲೇಹ್‌ನಿಂದ ಅರ್ಧ ಗಂಟೆ ದೂರದ ಒಂದು ಹಳ್ಳಿಯ ಮಕ್ಕಳ ಶಿಬಿರಕ್ಕೆ ಸಹಾಯಕರಾಗಿ ಹೋದೆವು. ಮೂರು ವಾರದ ಕೊನೆಗೆ ಲೆಕ್ಕ ಹಾಕಿದರೆ ಹೆಚ್ಚು ಉಪಯೋಗಕ್ಕೆ ಬಂದವನು ಆ ಮೂರನೆಯವನೇ. ಅದು ಯಾಕೆ ಅಂತ ಹೇಳೋಕೇ ಈ ಬರಹ.

ಮೊದಲು ಜಾಗದ ವಿಷಯ. ಲೇಹ್ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನ ಇಳಿದ ಮೇಲೆ ಎರಡು ದಿನ ಸುಮ್ಮನೆ ಮಲಗಿ, ಬಿಸಿನೀರು ಕುಡಿದು, ಉಸಿರಿಗೆ ಒಗ್ಗಿಕೊಳ್ಳಬೇಕು. ಚಳಿಗಾಲದಲ್ಲಿ ಅಲ್ಲಿನ ಶಾಲೆಗಳಿಗೆ ದೀರ್ಘ ರಜೆ. ಕೆರೆ, ಹೊಂಡ ಎಲ್ಲ ಹೆಪ್ಪುಗಟ್ಟುವುದೂ ಆಗಲೇ. ಹಾಗಾಗಿ ನಮ್ಮೂರಲ್ಲಿ ಬೇಸಿಗೆ ರಜೆಗೆ ಕ್ರಿಕೆಟ್ ಹೇಗೋ, ಅಲ್ಲಿ ಚಳಿಗಾಲದ ರಜೆಗೆ ಐಸ್ ಹಾಕಿ ಹಾಗೆ. ಸೈನ್ಯದ ಬೂಟಿಗೆ ಕಬ್ಬಿಣದ ಬ್ಲೇಡ್ ಕೂರಿಸಿಕೊಂಡು ಆಡಿದ ತಲೆಮಾರು ಈಗ ಅಜ್ಜಂದಿರಾಗಿದೆ. ನಮ್ಮ ಹಳ್ಳಿಯಲ್ಲಿ ಇದ್ದದ್ದು ಒಂದು ಗದ್ದೆ. ಸುತ್ತ ಮಣ್ಣಿನ ಬದು ಕಟ್ಟಿ, ರಾತ್ರಿ ಹೊಳೆಯ ನೀರು ಹಾಯಿಸಿ, ತೆಳುವಾಗಿ ಒಂದು ಪದರ ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಪದರ. ಒಟ್ಟಿಗೆ ಜಾಸ್ತಿ ನೀರು ಬಿಟ್ಟರೆ ಮೇಲೆ ಗಟ್ಟಿ, ಒಳಗೆ ಟೊಳ್ಳು. ಊರಿನ ಹುಡುಗರು ಸರದಿ ಮೇಲೆ ರಾತ್ರಿ ಎಚ್ಚರ ಇದ್ದು ಮಾಡೋ ಕೆಲಸ ಇದು. ಇಷ್ಟಾದರೂ ಆ ಐಸ್ ಇರೋದು ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಅದರಲ್ಲೂ ದಿನಕ್ಕೆ ಕೆಲವೇ ಗಂಟೆ. ಬೆಟ್ಟದ ಹಿಂದಿನಿಂದ ಬಿಸಿಲು ಬಂದು ಬಿತ್ತೋ, ಮೇಲೆ ನೀರು ಆಡೋಕೆ ಶುರು. ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ ಎರಡು ಬ್ಯಾಚ್ ಮುಗಿಸಬೇಕು. ಒಂದು ಬ್ಯಾಚಿಗೆ ಸಿಗೋದು ಒಂದು ಗಂಟೆ.

ಈ ಒಂದು ಗಂಟೆಯನ್ನು ಹೇಗೆ ಖರ್ಚು ಮಾಡಬೇಕು? ನೋಡೋಕೆ ಸಣ್ಣ ಪ್ರಶ್ನೆ. ಆದರೆ ಅಲ್ಲಿ ಎಲ್ಲವೂ ನಿಂತಿದ್ದದ್ದು ಅದರ ಮೇಲೇ.

ನಾವು ಸ್ಕೇಟಿಂಗ್ ಕಲಿತದ್ದು ಸಾಲಿನಲ್ಲಿ. ಬಡಾವಣೆಯ ಪಾರ್ಕಿಂಗ್ ಜಾಗದಲ್ಲಿ ಸರ್ ಸೀಟಿ ಊದುತ್ತಿದ್ದರು, ಒಬ್ಬ ಹೋಗಿ ಕೋನ್ ಸುತ್ತಿ ಬರುತ್ತಿದ್ದ, ಉಳಿದವರು ನಿಂತು ನೋಡುತ್ತಿದ್ದರು. ನಮ್ಮ ವರ್ಕ್‌ಶಾಪ್ ಲ್ಯಾಬ್ ನೆನಪಿಸಿಕೊಳ್ಳಿ. ಫಿಟ್ಟಿಂಗ್‌ನಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ವೈಸ್. ಕೈಯಲ್ಲಿ ಬೊಬ್ಬೆ ಬಂದರೂ ಫೈಲ್ ಹಿಡಿಯೋದು ಎಲ್ಲರಿಗೂ ಬರುತ್ತೆ. ಲೇತ್ ಹತ್ತಿರ? ಒಬ್ಬ ಓಡಿಸ್ತಾನೆ, ಹತ್ತೊಂಬತ್ತು ಜನ ರೆಕಾರ್ಡ್ ಬರೀತಾರೆ. ಸಾಲು ಅಂದರೆ ಲೇತ್ ಲ್ಯಾಬ್.

ನಮ್ಮ ಬ್ಯಾಚಿನಲ್ಲಿ 24 ಮಕ್ಕಳು, ಒಂಬತ್ತರಿಂದ ಹದಿಮೂರು ವಯಸ್ಸಿನವರು. ಸ್ಕೇಟ್ ಇದ್ದದ್ದು 18 ಜೊತೆ. ಕೆಲವು ಮಕ್ಕಳ ಸ್ವಂತದ್ದು, ಉಳಿದವು ಹಳ್ಳಿಗೆ ದಾನವಾಗಿ ಬಂದ ಹಳೆಯವು. ಇವರನ್ನು ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೆ 20 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಹದಿನೆಂಟು ಜನಕ್ಕೆ ಒಂದು ಸುತ್ತು ಆರು ನಿಮಿಷ. ಗಂಟೆಗೆ ಹತ್ತು ಸುತ್ತು. ಅಂದ್ರೆ ಒಂದು ಮಗುವಿಗೆ ಸಿಗೋದು 200 ಸೆಕೆಂಡ್. ಉಳಿದ 56 ನಿಮಿಷ ಮೈನಸ್ 12ರಲ್ಲಿ ನಿಂತಿರಬೇಕು. ಕಾಲ್ಬೆರಳು ಮರಗಟ್ಟಿದ ಮಗು ಎರಡು ದಿನ ಬರುತ್ತೆ, ಮೂರನೇ ದಿನ ಬುಖಾರಿ ಒಲೆಯ ಪಕ್ಕ ಕೂತುಬಿಡುತ್ತೆ. ಸ್ಕೇಟ್ ಇಲ್ಲದ ಆರು ಮಕ್ಕಳಿಗಂತೂ ಸೊನ್ನೆ.

ಶಿಬಿರದ ಕೋಚ್ ಒಬ್ಬರು ಹೆಂಗಸು. ತಾವೂ ಆಡಿ ಬೆಳೆದವರು. ಲಡಾಖಿಯಲ್ಲಿ ಅಕ್ಕನಿಗೆ ‘ಆಚೆ’ ಅಂತಾರೆ. ಮಕ್ಕಳ ಜೊತೆ ನಾವೂ ಹಾಗೇ ಕರೆದೆವು. (“ಆಚೆ, ಒಳಗೆ ಬನ್ನಿ” ಅಂತ ನಮ್ಮೊಳಗೆ ಎಷ್ಟು ಸಲ ನಕ್ಕಿದ್ದೇವೋ.) ಆಚೆ ಸಾಲು ನಿಲ್ಲಿಸುವವರಲ್ಲ. ಮೊದಲ ದಿನವೇ ಮಕ್ಕಳ ಪಾದ ಅಳೆದು ಒಂದೇ ಅಳತೆಯ ನಾಲ್ಕು ನಾಲ್ಕು ಮಕ್ಕಳ ಆರು ಗುಂಪು ಮಾಡಿದರು. ಒಂದೊಂದು ಗುಂಪಿಗೆ ಮೂರು ಜೊತೆ ಸ್ಕೇಟ್. ಗಂಟೆಯನ್ನು ನಾಲ್ಕು ಭಾಗ ಮಾಡಿದರು. ಪ್ರತಿ ಭಾಗದಲ್ಲೂ ಪ್ರತಿ ಗುಂಪಿನಿಂದ ಒಬ್ಬರು ಐಸ್‌ನಿಂದ ಹೊರಗೆ. ಆರು ಗುಂಪಿನ ಆರು ಜನ ಸೇರಿದರೆ ಹೊರಗೊಂದು ಸ್ಟೇಷನ್. ಉಳಿದ ಹದಿನೆಂಟು ಜನ ಐಸ್ ಮೇಲೆ ಮೂರು ಸ್ಟೇಷನ್‌ಗಳಲ್ಲಿ, ಆರಾರು ಜನ. ಹದಿನೈದು ನಿಮಿಷಕ್ಕೊಮ್ಮೆ ಬದಲು. ಪ್ರತಿ ಸಲ ಬಿಚ್ಚಿ ಹಾಕಬೇಕಾದ್ದು ಆರೇ ಜೊತೆ. ನಾವು ರಾತ್ರಿ ಅದನ್ನು ನೋಟ್‌ಬುಕ್‌ನಲ್ಲಿ ಬರೆದು ನೋಡಿದರೆ ನಾಲ್ಕಕ್ಕೆ ನಾಲ್ಕರ ಲ್ಯಾಟಿನ್ ಸ್ಕ್ವೇರ್! ಆಚೆಗೆ ತೋರಿಸಿದೆವು. “ಇದಕ್ಕೆ ಹೆಸರೂ ಇದೆಯಾ?” ಅಂದರು.

ಲೆಕ್ಕ ನೋಡಿ. ಬದಲಾವಣೆಗೆ ಮೂರು ನಿಮಿಷ ಹೋದರೆ ಒಂದು ಸ್ಟೇಷನ್‌ನಲ್ಲಿ 12 ನಿಮಿಷ. ಎರಡು ಸ್ಟೇಷನ್‌ಗಳಲ್ಲಿ ಒಂದು ಸಲಕ್ಕೆ ಇಬ್ಬರು, ಅಂದರೆ ಪ್ರತಿ ಮಗುವಿಗೆ ನಾಲ್ಕು ನಾಲ್ಕು ನಿಮಿಷ. ಮೂರನೆಯದು ಆಟ; ಅಲ್ಲಿ ಆರೂ ಜನ 12 ನಿಮಿಷವೂ ಓಡುತ್ತಲೇ ಇರುತ್ತಾರೆ. ಒಟ್ಟು 20 ನಿಮಿಷ, ಅಂದರೆ 1,200 ಸೆಕೆಂಡ್. ಸಾಲಿನ 200ಕ್ಕೆ ಹೋಲಿಸಿದರೆ ಆರು ಪಟ್ಟು. ಐಸ್ ಅಷ್ಟೇ, ಗಂಟೆ ಅಷ್ಟೇ, ಸ್ಕೇಟೂ ಅಷ್ಟೇ. ಸೊನ್ನೆ ಸಿಗುತ್ತಿದ್ದ ಮಕ್ಕಳಿಗೂ ಅದೇ 1,200.

ಆದರೆ ಬದಲಾವಣೆ ಮೂರೇ ನಿಮಿಷದಲ್ಲಿ ಮುಗಿದರೆ ಮಾತ್ರ ಈ ಲೆಕ್ಕ. ಐಸ್ ಹಾಕಿ ಸ್ಕೇಟಿನ ಲೇಸ್ ಅಂದರೆ ತಮಾಷೆ ಅಲ್ಲ. ಸಡಿಲ ಇದ್ದರೆ ಹಿಮ್ಮಡಿ ಅಲ್ಲಾಡಿ ಕಣಕಾಲು ಒಳಕ್ಕೆ ಮುರಿದುಕೊಳ್ಳುತ್ತೆ. ಮೇಲಿನ ತೂತುಗಳಲ್ಲಿ ತೀರಾ ಬಿಗಿಯಾದರೆ ಮಂಡಿ ಬಗ್ಗಲ್ಲ. ಮಕ್ಕಳ ಬೆರಳು ಆ ಚಳಿಯಲ್ಲಿ ಆಡಲ್ಲ. ನಮ್ಮ ಮೂರನೆಯವನು ಬದುವಿನ ಮೇಲೆ ಕೂತು, ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗ್ಲೌಸ್ ಕಳಚಿ ಕಟ್ಟುತ್ತಿದ್ದ. ಪ್ರತಿ ಬದಲಾವಣೆಗೆ ಆರು ಜೊತೆ. ಮೂರು ವಾರ. ಇಡೀ ಯಂತ್ರ ಓಡುತ್ತಿದ್ದದ್ದು ಆ ಬೆರಳುಗಳಿಂದ.

ಎಲ್ಲರಿಗೂ ಈ ಪದ್ಧತಿ ಹಿಡಿಸಿತು ಅಂತೇನಲ್ಲ. ಮೂರನೇ ದಿನ ಒಬ್ಬ ಹುಡುಗನ ಅಪ್ಪ ಬಂದರು. ಮಗನಿಗೆ ದೆಹಲಿಯಿಂದ ಹೊಸ ಸ್ಕೇಟ್ ತರಿಸಿಕೊಟ್ಟಿದ್ದಾರೆ. ಬೇರೆಯವರ ಮಕ್ಕಳು ಹಾಕಿಕೊಳ್ಳೋದು ಯಾಕೆ, ತನ್ನ ಮಗ ಕಾಲು ಗಂಟೆ ಹೊರಗೆ ನಿಲ್ಲೋದು ಯಾಕೆ ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕಷ್ಟಪಟ್ಟು ದುಡಿದ ದುಡ್ಡು. ಆಚೆ ಜಗಳಕ್ಕೆ ಹೋಗಲಿಲ್ಲ. ಹಿಂದಿಯಲ್ಲಿ ಒಂದೇ ಮಾತು ಕೇಳಿದರು: “ನಿಮ್ಮ ಮಗನಿಗೆ ಪಾಸ್ ಕೊಡೋರು ಯಾರು?” ಅಪ್ಪ ಸ್ವಲ್ಪ ಹೊತ್ತು ಆಟದ ಸ್ಟೇಷನ್ ನೋಡುತ್ತ ನಿಂತರು. ಒಪ್ಪಿದೆ ಅಂತ ಹೇಳಲಿಲ್ಲ. ಸ್ಕೇಟನ್ನು ವಾಪಸ್ ಒಯ್ಯಲೂ ಇಲ್ಲ.

ಈಗ ಸ್ಟೇಷನ್‌ಗಳು. ಮೊದಲನೆಯದು ನಿಲ್ಲೋದು. ಹೌದು, ಓಡೋದಲ್ಲ. ನಿಲ್ಲೋಕೆ ಬರುತ್ತೆ ಅಂತ ಧೈರ್ಯ ಇರೋ ಮಗು ಮಾತ್ರ ಜೋರಾಗಿ ಹೋಗುತ್ತೆ. ನಮ್ಮ ಮೈಸೂರಿನವನಿಗೂ ಇದು ಹೊಸದೇ. ಇನ್‌ಲೈನ್‌ನಲ್ಲಿ ಚಕ್ರ ಪಕ್ಕಕ್ಕೆ ಸುಲಭವಾಗಿ ಜಾರಲ್ಲ. ಐಸ್ ಮೇಲೆ ಎರಡೂ ಬ್ಲೇಡನ್ನು ಸರಕ್ಕನೆ ಅಡ್ಡ ತಿರುಗಿಸಿ, ಮಂಡಿ ಬಗ್ಗಿಸಿ, ಐಸನ್ನು ತುರಿಯಬೇಕು. ಶಬ್ದ ಥೇಟ್ ಈಳಿಗೆ ಮಣೆಯಲ್ಲಿ ಕೊಬ್ಬರಿ ತುರಿದ ಹಾಗೆ. ಆಚೆ ಇದನ್ನು ಮೂರು ತುಂಡು ಮಾಡಿದ್ದರು. ಮೊದಲು ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಂತಲ್ಲೇ ಒಂದು ಕಾಲಿಂದ ಐಸ್ ತುರಿಯೋದು. ಆಮೇಲೆ ನಿಧಾನಕ್ಕೆ ಜಾರಿ ಬಂದು ಎರಡೂ ಕಾಲು ಒಳಕ್ಕೆ ಚಾಚಿ, ನೇಗಿಲಿನ ಹಾಗೆ ನಿಲ್ಲೋದು. ಕೊನೆಗೆ ಪೂರ್ತಿ ಅಡ್ಡ. ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ಬಾರದ ಕಡೆಗೆ ಇನ್ನೊಂದು ಸಲ.

ಎರಡನೆಯದು ಅಂಚು. ಹಾಕಿ ಬ್ಲೇಡ್ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆಯಲ್ಲ, ಉದ್ದಕ್ಕೂ ಸಣ್ಣ ಕಾಲುವೆ ಕೊರೆದ ಹಾಗಿರುತ್ತೆ. ಹಾಗಾಗಿ ಒಂದೊಂದು ಬ್ಲೇಡಿಗೂ ಒಳಗಡೆ ಒಂದು ಅಂಚು, ಹೊರಗಡೆ ಒಂದು ಅಂಚು. ಬಣ್ಣದ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳೇ ನಮ್ಮ ಕೋನ್. ಅವುಗಳ ನಡುವೆ ಮಕ್ಕಳು ಪಾದ ಎತ್ತದೆ, ಎರಡೂ ಕಾಲನ್ನು ಹೊರಕ್ಕೆ ತಳ್ಳಿ ಒಳಕ್ಕೆ ಎಳೆದುಕೊಂಡು ಮುಂದೆ ಹೋಗಬೇಕು. ಹಿಂದೆ ತಿರುಗಿ ನೋಡಿದರೆ ಐಸ್ ಮೇಲೆ ನಿಂಬೆಹಣ್ಣಿನ ಸಾಲು. ನಿಂಬೆಹಣ್ಣು ಎರಡೂ ಕಡೆ ಸಮ ಇಲ್ಲ ಅಂದ್ರೆ ಯಾವ ಕಾಲು ಸೋಮಾರಿ ಅಂತ ಮಗುವಿಗೇ ಗೊತ್ತಾಗುತ್ತೆ. ನಾವು ಏನೂ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸಣ್ಣ ಫಿಸಿಕ್ಸ್. ಬ್ಲೇಡಿನ ಒತ್ತಡಕ್ಕೆ ಐಸ್ ಕರಗಿ ನೀರಾಗುತ್ತೆ, ಅದಕ್ಕೇ ಜಾರುತ್ತೆ ಅಂತ ಪಿಯುಸಿಯಲ್ಲಿ ಕೇಳಿದ್ದು ನೆನಪಿದೆಯಲ್ಲ? ಬಿಸಿ ಚಹಾ ಹಿಡಿದು ಲೆಕ್ಕ ಹಾಕಿದೆವು. 30 ಕಿಲೋ ಮಗು, ಒಂದು ಕಾಲು, ಐಸಿಗೆ ತಾಗುವ ಜಾಗ ಸುಮಾರು 150 ಚದರ ಮಿಲಿಮೀಟರ್ ಅಂತ ಇಟ್ಟುಕೊಂಡರೆ ಒತ್ತಡ 20 ಅಟ್ಮಾಸ್ಫಿಯರ್. ಕರಗುವ ಬಿಂದು ಒಂದು ಡಿಗ್ರಿ ಇಳಿಯೋಕೇ ಸುಮಾರು 135 ಅಟ್ಮಾಸ್ಫಿಯರ್ ಬೇಕು. ಅಂದರೆ ಇಳಿಯೋದು 0.15 ಡಿಗ್ರಿ. ಮೈನಸ್ 12ರಲ್ಲಿ ಅದು ಯಾವ ಮೂಲೆಗೆ? ನಿಜವಾಗಿ ಐಸಿನ ಮೇಲ್ಮೈಯ ಅಣುಗಳಿಗೆ ಒಳಗಿನವುಗಳಷ್ಟು ಬಿಗಿ ಹಿಡಿತ ಇರಲ್ಲ, ಅದೊಂದು ತೆಳು ಚಂಚಲ ಪದರ. ಜೊತೆಗೆ ಉಜ್ಜುವಿಕೆಯ ಶಾಖ. ಘರ್ಷಣೆ ಅತಿ ಕಡಿಮೆ ಇರೋದು ಮೈನಸ್ 7ರ ಹತ್ತಿರ. ಎರಡನೇ ಬ್ಯಾಚಿನ ಮಕ್ಕಳು ಮೊದಲನೆಯವರಿಗಿಂತ ಚೆನ್ನಾಗಿ ಜಾರುತ್ತಿದ್ದರು. ಅದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನಮ್ಮ ಊಹೆ.

ಮೂರನೆಯದು ಆಟ. ಪೂರ್ತಿ ರಿಂಕ್ 60 ಮೀಟರ್ ಉದ್ದ ಇರುತ್ತೆ; ಸಣ್ಣ ಮಕ್ಕಳನ್ನು ಅದರಲ್ಲಿ ಬಿಟ್ಟರೆ ಜೋರಾಗಿ ಓಡೋ ಒಬ್ಬ ಪಕ್ ತಗೊಂಡು ಹೋಗ್ತಾನೆ, ಉಳಿದವರು ಹಿಂದೆ ಓಡ್ತಾರೆ. ಅಮೆರಿಕದ ಯುಎಸ್ಎ ಹಾಕಿ ಸಂಸ್ಥೆ 2009ರಿಂದ ಚಿಕ್ಕ ಮಕ್ಕಳನ್ನು ರಿಂಕಿನ ಅಡ್ಡಕ್ಕೆ, ಸಣ್ಣ ಜಾಗದಲ್ಲಿ ಆಡಿಸಲು ಶುರು ಮಾಡಿದ್ದು ಇದಕ್ಕೇ. ನಮ್ಮಲ್ಲೂ ಹಾಗೇ: ಮೂವರ ಎದುರು ಮೂವರು, ಗೋಲ್ ಬದಲು ಎರಡೆರಡು ಬೂಟು. ಮೂವರೂ ಮುಟ್ಟದೆ ಹೊಡೆದ ಗೋಲಿಗೆ ಲೆಕ್ಕ ಇಲ್ಲ. ಈ ಒಂದು ನಿಯಮ ಬಂದ ಕೂಡಲೇ ಹೊಸ ಸ್ಕೇಟಿನ ಹುಡುಗ ತಲೆ ಎತ್ತಿ ಪಕ್ಕದವರನ್ನು ಹುಡುಕೋಕೆ ಶುರು ಮಾಡಿದ. ಬೇರೆ ಎರಡು ಸ್ಟೇಷನ್‌ಗಳಲ್ಲಿ ಕಲಿತದ್ದು ಉಪಯೋಗಕ್ಕೆ ಬಂತೋ ಇಲ್ಲವೋ ಅಂತ ಗೊತ್ತಾಗುತ್ತಿದ್ದದ್ದೂ ಇಲ್ಲೇ.

ನಾಲ್ಕನೆಯದು ಐಸಿನ ಹೊರಗೆ, ಸಾದಾ ಬೂಟಿನಲ್ಲಿ. ಅದು ನಮ್ಮ ಕೊಡಗಿನವನ ರಾಜ್ಯ. ಗಟ್ಟಿ ನೆಲದ ಮೇಲೆ ಟೆನಿಸ್ ಬಾಲ್, ಸ್ಟಿಕ್. ನಮ್ಮ ಹಾಕಿ ಸ್ಟಿಕ್ಕಿಗೆ ಹೊಡೆಯೋಕೆ ಒಂದೇ ಚಪ್ಪಟೆ ಮುಖ. ಐಸ್ ಹಾಕಿಯ ಸ್ಟಿಕ್ಕಿಗೆ ಎರಡೂ ಕಡೆ, ಎಡಗೈಯವರಿಗೂ ಬೇರೆ ಸ್ಟಿಕ್ ಉಂಟು. ಆದರೆ ಮೇಲಿನ ಕೈ ತಿರುಗಿಸಬೇಕು, ಕೆಳಗಿನ ಕೈ ಸುಮ್ಮನೆ ಕೊಳವೆಯ ಹಾಗೆ ಸಡಿಲ ಇರಬೇಕು ಅನ್ನೋ ಗುಟ್ಟು ಎರಡಕ್ಕೂ ಒಂದೇ. ಬಾಲ್ ನೋಡದೆ ಆಡಿಸೋದು ಅಭ್ಯಾಸ ಆಗಲಿ ಅಂತ ಅವನು ಎದುರು ನಿಂತು ಬೆರಳು ತೋರಿಸೋದು, ಮಕ್ಕಳು ಎಷ್ಟು ಅಂತ ಕೂಗೋದು. ಅವರು ನಮಗೆ ಲಡಾಖಿ ಕಲಿಸಿದರು, ನಾವು ಕನ್ನಡ. ಎರಡಕ್ಕೆ ‘ಞಿಸ್’, ಐದಕ್ಕೆ ‘ಙ’. ಒಂದನೇ ಕ್ಲಾಸಿನಿಂದ ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಎರಡು ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು! ಎಲ್ಲರೂ ಒಂದೊಂದು ಸಲ ಇಲ್ಲಿಗೆ ಬಂದೇ ಬರುತ್ತಿದ್ದರಿಂದ, ಯಾರ ಮನೆಯಲ್ಲಿ ಸ್ಕೇಟ್ ಇದೆ, ಯಾರ ಮನೆಯಲ್ಲಿ ಇಲ್ಲ ಅನ್ನೋದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಗೊತ್ತಿದ್ದದ್ದು ಆ ಮಕ್ಕಳಿಗೆ ಮಾತ್ರ. ಅವರಲ್ಲಿ ಹನ್ನೊಂದು ವರ್ಷದ ಒಬ್ಬಳು ಇದ್ದಳು. ಮೇಲಿನ ಕೇರಿಯಿಂದ ಅಜ್ಜಿಯ ಜೊತೆ ನಡೆದು ಬರುತ್ತಿದ್ದಳು. ಅಜ್ಜಿ ಬದುವಿನ ಮೇಲೆ ಜಪಮಣಿ ಹಿಡಿದು ಕೂರುತ್ತಿದ್ದರು. ಎಡಗಡೆಗೆ ನಿಲ್ಲೋದು ನಾಲ್ಕೇ ದಿನಕ್ಕೆ ಬಂತು. ಬಲಗಡೆಗೆ ಬರಲೇ ಇಲ್ಲ. ತಿರುಗುವ ಹೊತ್ತಿಗೆ ಭಾರವೆಲ್ಲ ಹಿಂದಿನ ಕಾಲಿಗೆ ಹೋಗಿ ಧೊಪ್ಪನೆ ಬೀಳುತ್ತಿದ್ದಳು. ಬಿದ್ದು ಏಳೋದಕ್ಕೂ ಅಲ್ಲಿ ಒಂದು ಕ್ರಮ ಇದೆ: ಮೊದಲು ಮಂಡಿ, ಆಮೇಲೆ ಒಂದು ಪಾದ, ಆ ಮಂಡಿಯ ಮೇಲೆ ಎರಡೂ ಕೈ, ಏಳು. ದಿನಕ್ಕೆ ಎಷ್ಟು ಸಲ ಎದ್ದಳೋ. ಶಿಬಿರದ ಕೊನೆಗೆ ಲೇಹ್‌ನ ಒಂದು ಪಂದ್ಯಾವಳಿಗೆ ಹಳ್ಳಿಯ ಮಕ್ಕಳ ತಂಡ ಆರಿಸಬೇಕಿತ್ತು. ಎರಡೂ ಕಡೆ ನಿಲ್ಲೋಕೆ ಬರದವರನ್ನು ಆಚೆ ಆರಿಸಲ್ಲ. ದೊಡ್ಡ ಮಕ್ಕಳ ನಡುವೆ ಪೆಟ್ಟಾಗುತ್ತೆ ಅಂತ.

ಆ ಪಟ್ಟಿ ಅಲ್ಲಿನ ಹುಡುಗಿಯರಿಗೆ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಭಾರತದ ಮಹಿಳಾ ಐಸ್ ಹಾಕಿ ತಂಡದ ಹೆಚ್ಚಿನವರು ಲಡಾಖಿನವರೇ. 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ಆಡಿದರು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು. ವರ್ಷಪೂರ್ತಿ ಒಳಾಂಗಣ ರಿಂಕ್ ಇರೋ ದೇಶಗಳ ಎದುರು, ಇಂಥ ಗದ್ದೆ ಮತ್ತು ಹೊಂಡಗಳ ಮೇಲೆ ಕಲಿತು ಹೋದವರು. ಆ ಶಿಬಿರದ ಹುಡುಗಿಯರಿಗೆ ಇದು ಕಥೆಯಲ್ಲ, ಪಕ್ಕದ ಊರಿನ ಅಕ್ಕಂದಿರ ಸುದ್ದಿ.

ಮೂರನೇ ವಾರ, ಒಂದು ಬೆಳಿಗ್ಗೆ, ಆಟದ ಸ್ಟೇಷನ್‌ನಲ್ಲಿ ಅವಳು ಪಕ್ಕಿನ ಹಿಂದೆ ಓಡಿ ಬಂದು ಬಲಗಡೆಗೆ ತಿರುಗಿ ನಿಂತಳು. ತುರಿದ ಐಸೆಲ್ಲ ನಮ್ಮ ಪ್ಯಾಂಟಿನ ಮೇಲೆ. ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. ಪಾಸ್ ಕೊಡುವ ಗಡಿಬಿಡಿಯಲ್ಲಿದ್ದಳು. ಡ್ರಿಲ್ ಇರೋದೇ ಅದಕ್ಕೆ. ಮಾಡುತ್ತಿದ್ದೇನೆ ಅನ್ನೋದು ಮರೆತು ಹೋಗೋವರೆಗೆ ಮಾಡೋದು.

ಎರಡು ದಿನ ಕಳೆದು ಪಟ್ಟಿ ಹಾಕಿದರು. ಅವಳ ಹೆಸರು ಇರಲಿಲ್ಲ. ಬಲಗಡೆ ಬಂದಿದೆ, ಇನ್ನೂ ಗಟ್ಟಿಯಾಗಿಲ್ಲ ಅಂದರು ಆಚೆ. ನಮಗೆ ಬೇಜಾರಾಯಿತು, ವಾದ ಮಾಡೋಕೆ ಹೋಗಲಿಲ್ಲ. ಮಾರನೇ ದಿನ ಅವಳು ಬರಲ್ಲ ಅಂದುಕೊಂಡಿದ್ದೆವು. ಏಳೂವರೆಗೆ ಅಜ್ಜಿ ಎಂದಿನಂತೆ ಬದುವಿನ ಮೇಲಿದ್ದರು. ಅವಳು ಲೇಸ್ ಕಟ್ಟಿಸಿಕೊಳ್ಳೋಕೆ ಕಾಲು ಚಾಚಿ ಕೂತಿದ್ದಳು. ನಾಲ್ಕು ದಿನ ಇನ್ನೂ ಉಳಿದಿರುವಾಗಲೇ ಬಿಸಿಲು ಜೋರಾಯಿತು. ರಾತ್ರಿ ಹಾಯಿಸಿದ ನೀರು ಗಟ್ಟಿಯಾಗಲಿಲ್ಲ, ಬದುವಿನ ಹತ್ತಿರ ಐಸ್ ಬಿರುಕು ಬಿಟ್ಟಿತು. ಶಿಬಿರ ಅಲ್ಲಿಗೇ ಮುಗಿಯಿತು. ಆ ನಾಲ್ಕು ದಿನದಲ್ಲಿ ಪ್ರತಿ ಮಗುವಿಗೆ ಸಿಗಬೇಕಿದ್ದದ್ದು 80 ನಿಮಿಷ. ಅಲ್ಲಿ ಒಂದೊಂದು ನಿಮಿಷವನ್ನೂ ಯಾಕೆ ಎಣಿಸುತ್ತಾರೆ ಅಂತ ಆಗ ಚೆನ್ನಾಗಿ ಅರ್ಥವಾಯಿತು.

ಈಗ ಕ್ಯಾಂಪಸ್ಸಿನ ಸುದ್ದಿ. ಎರಡು ತಿಂಗಳಿಂದ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಾವು ಇನ್‌ಲೈನ್ ಹಾಕಿ ನಡೆಸುತ್ತಿದ್ದೇವೆ. ಬರೋದು ಮೆಸ್ಸಿನವರ, ಸೆಕ್ಯುರಿಟಿಯವರ, ಕ್ವಾರ್ಟರ್ಸ್‌ನವರ ಮಕ್ಕಳು, ಒಟ್ಟು 12 ಜನ. ಸ್ಕೇಟ್ 9 ಜೊತೆ, ಎಲ್ಲ ಹಳೆಯವು. ಗುಂಪಿಗೆ ನಾಲ್ವರು, ನಾಲ್ವರಿಗೆ ಮೂರು ಜೊತೆ. ಸಾಲು ಇಲ್ಲ. ಇಲ್ಲಿ ಐಸ್ ಕರಗಲ್ಲ ನಿಜ, ಆದರೆ ಎಂಟೂವರೆಗೆ ಬಾಸ್ಕೆಟ್‌ಬಾಲ್ ಟೀಮ್ ಬಂದು ನಿಂತುಬಿಡುತ್ತೆ. ಬದಲಾವಣೆಗೆ ಈಗ ಐದು ನಿಮಿಷ ಹಿಡಿಯುತ್ತಿದೆ, ಮೂರಕ್ಕೆ ಇಳಿಸಬೇಕು. ನಿಮಗೆ ಸ್ಕೇಟಿಂಗ್ ಬರಬೇಕಾಗಿಲ್ಲ, ಹಾಕಿ ಬರಬೇಕಾಗಿಲ್ಲ. ಭಾನುವಾರ ಏಳಕ್ಕೆ ಏಳೋಕೆ ಆದರೆ ಬನ್ನಿ. ಲೇಸ್ ಕಟ್ಟೋಕೆ ಜನ ಬೇಕು.